ನಾಲ್ಕನೇ ಕಂತಿನಲ್ಲಿ ಮುಳುಗಿದ ಹಡಗು

ಪುಟ್ಟಿಗೆ ಮೂವತ್ತೈದು ದಾಟಿದೆ. ಕಿವಿಯ ಪಕ್ಕ ಬಿಳಿ ಕೂದಲು ಇಣುಕಿವೆ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಅಕ್ಕನಿಗೆ ಅವಳು ಪುಟ್ಟಿಯೇ. ಅಕ್ಕ ಕರೆದದ್ದನ್ನು ಕೇಳಿ ಕೇಳಿ ಬೀದಿಯವರೂ ಹಾಗೇ ಕರೆಯುತ್ತಾರೆ. ಕೆಳಗಿನ ಸೈಕಲ್ ರಿಪೇರಿಯವನು ಅವಳಿಗಿಂತ ಚಿಕ್ಕವನು, ಅವನೂ "ಏನು ಪುಟ್ಟಿ, ಇವತ್ತು ಲೇಟಾ?" ಅಂತ ಕೇಳುತ್ತಾನೆ. ಏನು ಮಾಡ್ತೀರಿ, ಕೆಲವು ಹೆಸರು ಮೈಗಂಟಿದರೆ ಬಿಡುವುದೇ ಇಲ್ಲ.

ಅವಳ ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಸೂಜಿ ಚುಚ್ಚುವವಳಲ್ಲ. ಯಂತ್ರ ಕೊಟ್ಟ ಅಂಕಿಗಳನ್ನು ವರದಿಗೆ ಇಳಿಸಿ, ಕವರಿಗೆ ಹಾಕಿ, ಕಿಟಕಿಯಾಚೆ ಕೊಡುವವಳು. ಒಂದು ಚುಕ್ಕೆ ಆಚೀಚೆ ಆದರೆ ಯಾರದೋ ಜೀವಕ್ಕೆ ಸಂಚಕಾರ, ಹಾಗಾಗಿ ಟೈಪ್ ಮಾಡಿದ್ದನ್ನು ಮತ್ತೆ ಬೆರಳಿಟ್ಟು ನೋಡುತ್ತಾಳೆ. ಕವರು ತಗೊಳ್ಳುವವರು ಅದನ್ನು ಬಿಚ್ಚುವ ಮೊದಲು ಅವಳ ಮುಖ ನೋಡುತ್ತಾರೆ. "ಎಲ್ಲಾ ಸರಿ ಇದೆಯಾಮ್ಮ?" ಅನ್ನುತ್ತಾರೆ. "ಡಾಕ್ಟರಿಗೆ ತೋರಿಸಿ" ಅನ್ನುವುದು ಬಿಟ್ಟು ಇವಳ ಬಾಯಲ್ಲಿ ಬೇರೆ ಮಾತಿಲ್ಲ, ಮುಖದ ಮೇಲೂ ಏನೂ ಕಾಣಗೊಡುವುದಿಲ್ಲ. ಇಂಥವಳು ಮನೆಯಲ್ಲಿ ಕೂತು ಒಂದು ಹಡಗನ್ನೇ ಮುಳುಗಿಸಿಬಿಟ್ಟಳು ಅಂದರೆ ನಂಬುತ್ತೀರಾ? ನಂಬಬೇಕು, ಯಾಕೆಂದರೆ ಮುಳುಗಿಸಿದಳು.

ಅಕ್ಕನದು ಹೊಲಿಗೆ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಹಳೆಯದನ್ನು ಸರಿಮಾಡುವುದೇ ಹೆಚ್ಚು. ಉದ್ದ ಪ್ಯಾಂಟು ಗಿಡ್ಡ ಮಾಡುವುದು, ಕೈಕೊಟ್ಟ ಜಿಪ್ಪು ಬದಲಾಯಿಸುವುದು, ಮೈ ಬಂದವರ ಕೋಟು ಬಿಚ್ಚಿ ಸಡಿಲ ಮಾಡುವುದು, ಮೈ ಇಳಿದವರದ್ದು ಒಳಗೆ ಹಿಡಿಯುವುದು. ಮೊದಲ ಮಹಡಿಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಹೊಂದಿಸಿ ಮೆಷೀನು, ಅದರ ಪಕ್ಕ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ಮೂಟೆ. ಗೋಡೆಗೆ ಸಾಲಾಗಿ ಹೊಡೆದ ಮೊಳೆಗಳಲ್ಲಿ ಗಿರಾಕಿಗಳ ಬಟ್ಟೆ ತೂಗುತ್ತವೆ. ಎಷ್ಟು ಗುಡಿಸಿದರೂ ನೆಲದ ಮೇಲೆ ದಾರದ ತುಂಡು, ಲ್ಯಾಬಿಗೆ ಹೋದ ಮೇಲೂ ಪುಟ್ಟಿಯ ಚಪ್ಪಲಿಯಡಿ ಒಂದೆರಡು ಅಂಟಿಕೊಂಡಿರುತ್ತವೆ.

ಈ ಮನೆಗೆ ಜಪಾನಿನ ಕಾರ್ಟೂನ್ ಕಥೆಗಳ, ಅದೇ ಅನಿಮೆಯ ಹುಚ್ಚು ಹತ್ತಿದ್ದು ಭಾವ ಹೋದ ಮೇಲೆ. ಭಾವ ಅಂದರೆ ಅಕ್ಕನ ಗಂಡ. ಹೋದ ಅಂದರೆ ಸತ್ತದ್ದಲ್ಲ, ಎದ್ದು ಹೋದದ್ದು. ಬೇರೆ ಊರಲ್ಲಿ ಬೇರೆಯವಳ ಜೊತೆ ಸಂಸಾರ ಹೂಡಿದ ಪುಣ್ಯಾತ್ಮ. ಆಗ ಬಾಡಿಗೆ ಕೋಣೆಯಲ್ಲಿದ್ದ ಪುಟ್ಟಿ ಬ್ಯಾಗು ಎತ್ತಿಕೊಂಡು ಅಕ್ಕನ ಮನೆಗೆ ಬಂದುಬಿಟ್ಟಳು. ಬಂದು ನೋಡಿದರೆ ಮನೆಯಲ್ಲಿ ಮೆಷೀನು ಬಿಟ್ಟರೆ ಬೇರೆ ಯಾರೂ ಮಾತಾಡುವುದಿಲ್ಲ. ಆ ಮೌನ ತಡೆಯಲಾರದೆ ಒಂದು ಶನಿವಾರ ಟ್ಯಾಬಿನಲ್ಲಿ ಯಾವುದೋ ಜಪಾನಿನ ಚಿತ್ರ ಧಾರಾವಾಹಿ ಹಚ್ಚಿ, ದಾರದ ಡಬ್ಬಕ್ಕೆ ಒರಗಿಸಿಟ್ಟು ನೋಡುತ್ತಾ ಕೂತಳು.

"ಏನೇ ಅದು ಗಲಾಟೆ? ಏನಂತಾರೆ ಅವರು?" ಅಂದಳು ಅಕ್ಕ, ತಲೆ ಎತ್ತದೆ.

"ಕೆಳಗಡೆ ಅಕ್ಷರ ಬರುತ್ತಲ್ಲ ಅಕ್ಕ, ಓದ್ಕೋ."

"ಇಂಗ್ಲಿಷಿನಲ್ಲಿ ಬರುತ್ತೆ, ಅದೂ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡುತ್ತೆ. ಅದನ್ನ ನೋಡ್ತಾ ಕೂತರೆ ನಾನು ಬೆರಳು ಹೊಲ್ಕೊಳ್ತೀನಿ. ನೀನೇ ಹೇಳು."

ಹೀಗೆ ಶುರುವಾದದ್ದು ಇನ್ನೂ ನಿಂತಿಲ್ಲ. ಅಕ್ಕನ ಕಣ್ಣು ಸೂಜಿಯ ಮೇಲೆ, ಕಿವಿ ಪುಟ್ಟಿಯ ಬಾಯಿಯ ಮೇಲೆ. ಪುಟ್ಟಿ ಇಂಗ್ಲಿಷ್ ಅಕ್ಷರ ನೋಡಿಕೊಂಡು ಆಗಿಂದಾಗಲೇ ಕನ್ನಡ ಮಾಡಿ ಹೇಳುತ್ತಾಳೆ. ಮುದುಕನಿಗೆ ಮುದುಕನ ದನಿ, ರಾಜಕುಮಾರಿಗೆ ಮೂಗಿನ ದನಿ, ಮಾತಾಡುವ ಬೆಕ್ಕು ಬಂದರೆ ಬೆಕ್ಕಿನ ದನಿ. ಲ್ಯಾಬಿನಲ್ಲಿ ಮುಖ ಮುಚ್ಚಿಕೊಂಡು ಕೂರುವವಳು ಇಲ್ಲಿ ಕಿರುಚುತ್ತಾಳೆ, ಗುಡುಗುತ್ತಾಳೆ, ಬಿಕ್ಕುತ್ತಾಳೆ. ಒಮ್ಮೆ ರಾಕ್ಷಸನ ಪಾತ್ರ ಮಾಡುತ್ತಿದ್ದಾಗ ಜಿಪ್ಪು ಹಾಕಿಸಲು ಬಂದ ಗಿರಾಕಿಯೊಬ್ಬ ಮೆಟ್ಟಿಲ ಮೇಲಿಂದಲೇ ವಾಪಸ್ ಇಳಿದುಹೋದ.

ಈ ಅನಿಮೆಗಳ ರೀತಿಯೇ ಒಂದು ತರಹ. ವರ್ಷಕ್ಕೆ ನಾಲ್ಕು ಸೀಸನ್, ಪ್ರತಿ ಸೀಸನ್ನಿಗೂ ಹೊಸ ಕಥೆಗಳ ಹಿಂಡು, ವಾರಕ್ಕೆ ಒಂದೇ ಕಂತು. ಸುಮಾರು ಮೂರು ತಿಂಗಳಿಗೆ ಮುಗಿಯಿತು ಅನ್ನಿ. ಎಲ್ಲವನ್ನೂ ನೋಡಲು ಸಾಧ್ಯವೇ? ಅದಕ್ಕೆ ಅಕ್ಕನದೊಂದು ಕಟ್ಟುಪಾಡು. ಯಾವ ಕಥೆಯೇ ಇರಲಿ, ಮೂರು ಕಂತು ಕೊಡುವುದು. ಮೂರರಲ್ಲಿ ಮೈಗೆ ಕೂತರೆ ಸರಿ, ಇಲ್ಲವಾದರೆ "ಬಿಚ್ಚಿಹಾಕು" ಅನ್ನುತ್ತಾಳೆ. ಮತ್ತೆ ಅದರ ಸುದ್ದಿ ಎತ್ತುವಂತಿಲ್ಲ. ಪುಟ್ಟಿ ಹಲ್ಲು ಕಚ್ಚಿಕೊಂಡು ಎಷ್ಟೋ ಒಳ್ಳೆಯ ಕತ್ತಿವರಸೆಯ ಕಥೆಗಳನ್ನು ಹೀಗೆ ಕಳೆದುಕೊಂಡಿದ್ದಾಳೆ.

ಅಕ್ಕನ ವಿಮರ್ಶೆಯನ್ನು ಕೇಳಬೇಕು ನೀವು. "ನಡೆಯೋ ಸದ್ದು ಕೇಳು ಪುಟ್ಟಿ. ಮರದ ನೆಲದ ಮೇಲೂ ಟಕ್ ಟಕ್, ಮಣ್ಣಿನ ಮೇಲೂ ಟಕ್ ಟಕ್. ಸೋಮಾರಿಗಳು!" ಇನ್ನೊಂದು ದಿನ ಸಂಗೀತದವನಿಗೆ ಗ್ರಹಚಾರ. "ಅವಳು ಇನ್ನೂ ಬಾಯಿ ಬಿಟ್ಟಿಲ್ಲ, ಆಗಲೇ ಪಿಟೀಲು ಎಳೀತಾನೆ. ನಾನು ಅಳಬೇಕೋ ಬೇಡವೋ ಅಂತ ನಾನು ನೋಡ್ಕೊಳ್ತೀನಿ, ಇವನ್ಯಾರು ಹೇಳೋಕೆ?" ಇಂಥ ಮಾತುಗಳು ಗಾಳಿಗೆ ಹೋಗಬಾರದು ಅಂತ ಪುಟ್ಟಿಯೇ ಇಂಟರ್‌ನೆಟ್ಟಿನಲ್ಲಿ 'ಸೂಜಿಮೊನೆ' ಅಂತ ಒಂದು ಪುಟ ತೆರೆದಳು. ಅಕ್ಕ ಹೊಲಿಯುತ್ತಾ ಹೇಳುವುದು, ಪುಟ್ಟಿ ಟೈಪ್ ಮಾಡಿ ಹಾಕುವುದು. ಓದುವವರು ಲಕ್ಷಗಟ್ಟಲೆ ಏನಲ್ಲ, ಆದರೆ ಓದುವವರು ಬಿಡದೆ ಓದುತ್ತಾರೆ. ಅವರಲ್ಲಿ ಒಬ್ಬ ಮಹಾಶಯ ಪ್ರತಿ ವಾರ ತಪ್ಪು ಹುಡುಕಿ ಅಂಕಿ ಹಾಕಿ ಬರೆಯುತ್ತಾನೆ, ಅವನಿಗೆ ಅಕ್ಕತಂಗಿಯರು ಇಟ್ಟ ಹೆಸರು ಪಾಯಿಂಟ್ ಮೇಷ್ಟ್ರು. ಅವನ ಟೀಕೆಯನ್ನೂ, ಉಳಿದವರ ಮೆಚ್ಚುಗೆಯನ್ನೂ ಪುಟ್ಟಿಯೇ ಓದಿ ಹೇಳಬೇಕು. ಅಕ್ಕನಿಗೆ ಕನ್ನಡ ಓದಲು ಬಾರದು ಅಂತೇನಲ್ಲ. ಆದರೆ, "ಓದೋಕೆ ನೀನಿದ್ದೀಯಲ್ಲ, ನನಗ್ಯಾಕೆ ಕನ್ನಡಕದ ರಗಳೆ" ಅನ್ನುತ್ತಾಳೆ. ಹಾಗಾಗಿ ಆ ಪ್ರಪಂಚದಿಂದ ಅಕ್ಕನಿಗೆ ಏನು ಬಂದರೂ ಪುಟ್ಟಿಯ ಬಾಯಿಂದಲೇ ಬರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲಿನ ಪೀಕಲಾಟಕ್ಕೆಲ್ಲ ಇದೇ ಬೇರು.

ಈ ಸಲದ ಸೀಸನ್ನಿನಲ್ಲಿ ಒಂದು ಕಥೆ ಬಂತು. ಕತ್ತಿ ಇಲ್ಲ, ರಾಕ್ಷಸರಿಲ್ಲ. ಬಂದರಿನ ಊರಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡ ಒಬ್ಬ ಹೆಂಗಸು. ಗಂಡ ಹಡಗಿನಲ್ಲಿ ಕೆಲಸಗಾರ, ಮೊದಲನೇ ಕಂತಿನಲ್ಲಿ ಗಂಟಲು ಸರಿಮಾಡಿಕೊಂಡು ಎರಡು ಮಾತಾಡಿ ಹೊರಟ, ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ದಿನಕ್ಕೊಬ್ಬ ಗಿರಾಕಿ ಬರುತ್ತಾನೆ, ಗಡಿಯಾರದ ಜೊತೆ ತನ್ನ ಕಥೆಯನ್ನೂ ಬಿಚ್ಚುತ್ತಾನೆ, ಅಷ್ಟೆ. ಪುಟ್ಟಿಗೆ ಆಕಳಿಕೆ ಬಂತು. ಅಕ್ಕನಿಗೆ ಮಾತ್ರ ಮೊದಲನೇ ಕಂತಿಗೇ ಹಿಡಿಸಿತು. "ಚಿಮಟದ ಸದ್ದು, ಗಾಜಿನ ಮೇಲೆ ತಿರುಪು ಬಿದ್ದ ಸದ್ದು, ಎಲ್ಲಾ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ನೋಡು. ಯಾರೋ ಕೂತು ಕೆಲಸ ಮಾಡಿದವರೇ ಮಾಡಿರೋದು ಇದು" ಅಂದಳು. ಮೂರು ಕಂತಿನ ಪರೀಕ್ಷೆಯನ್ನು ಕಥೆ ಸಲೀಸಾಗಿ ದಾಟಿತು.

ನಾಲ್ಕನೆಯದು ಬಂದ ಶನಿವಾರ ಮಧ್ಯಾಹ್ನ ಅಕ್ಕ ಒಂದು ದಪ್ಪ ಕೋಟಿನ ಒಳಗಿನ ಲೈನಿಂಗ್ ಬಟ್ಟೆ ಬದಲಾಯಿಸುತ್ತಿದ್ದಳು. ಟ್ಯಾಬಿನಲ್ಲಿ ಗಡಿಯಾರದವಳ ಅಂಗಡಿಯ ಫೋನು ರಿಂಗಾಯಿತು. ಅವಳು ಎತ್ತಿದಳು. ಆ ಕಡೆಯ ಮಾತು ಕೇಳಿಸುವುದಿಲ್ಲ. ಇವಳು ಮಾತ್ರ "ಹೌದು" ಅಂದಳು, "ಯಾವಾಗಿನಿಂದ?" ಅಂದಳು, "ಸರಿ" ಅಂದಳು, ಇಟ್ಟಳು. ಪಕ್ಕದಂಗಡಿಯ ಮುದುಕಿ ಏನಾಯಿತು ಅಂತ ಕೇಳಿದಳು. ಆಗ ಕೆಳಗೆ ಬಂದ ಇಂಗ್ಲಿಷ್ ಅಕ್ಷರದ ಅರ್ಥ ಇಷ್ಟು: "ಅವರು ವಾಪಸ್ ಬರಲ್ಲವಂತೆ. ಅಲ್ಲಿ ಬೇರೆ ಸಂಸಾರ ಇದೆಯಂತೆ."

ಪುಟ್ಟಿ ಓದುವುದು ಬಿಟ್ಟು ಅಕ್ಕನ ಕಡೆ ನೋಡಿದಳು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾವ ಹೋದಾಗ ಹೆಂಡತಿಗೆ ಮುಖ ತೋರಿಸಿ ಹೇಳುವ ಗಂಡಸುತನ ಅವನಿಗಿರಲಿಲ್ಲ. ಲ್ಯಾಬಿಗೆ ಫೋನು ಮಾಡಿದ, ನಾದಿನಿಗೆ. "ನಿಮ್ಮಕ್ಕನಿಗೆ ಹೇಳಿಬಿಡು, ನಾನು ವಾಪಸ್ ಬರಲ್ಲ. ಇಲ್ಲಿ ನನಗೆ ಬೇರೆ ಸಂಸಾರ ಇದೆ. ಕಾಯೋದು ಬೇಡ" ಅಂದು ಇಟ್ಟುಬಿಟ್ಟ. ಪುಟ್ಟಿ ನೇರ ಈ ಕೋಣೆಗೆ ಬಂದು, ಮೇಜಿನ ಮುಂದೆ ನಿಂತು, ಆ ಮಾತನ್ನು ಹಾಗ್ಹಾಗೇ ಒಪ್ಪಿಸಿದಳು, ಕವರಿನಲ್ಲಿಟ್ಟ ವರದಿ ಕೊಟ್ಟ ಹಾಗೆ. ಅವಳಿಗೆ ಬೇರೆ ರೀತಿ ಹೇಳಿ ಅಭ್ಯಾಸವಿರಲಿಲ್ಲ. ಅಕ್ಕ ಆಗ ಯಾರದೋ ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು. "ಇನ್ನೇನಾದರೂ ಅಂದನಾ?" ಅಂದಳು. "ಇಲ್ಲ, ಅಷ್ಟೇ." ಅಕ್ಕ ತಲೆಯಾಡಿಸಿ ಗೆರೆ ಪೂರ್ತಿ ಮಾಡಿದಳು. ಆ ಹೊತ್ತಿನ ಅಕ್ಕನ ಮುಖ ಪುಟ್ಟಿಯನ್ನು ಇವತ್ತಿಗೂ ಬಿಟ್ಟಿಲ್ಲ. ಒಂಚೂರು ಮೆತ್ತಗೆ ಹೇಳಬಹುದಿತ್ತಲ್ಲ, ನೀರು ಕುಡಿಸಿ, ಕೂರಿಸಿ, ಕೈ ಹಿಡಿದುಕೊಂಡು ಹೇಳಬಹುದಿತ್ತಲ್ಲ ಅಂತ ಅವಳು ತನ್ನನ್ನು ತಾನೇ ಬೈದುಕೊಳ್ಳದ ವಾರವಿಲ್ಲ.

ಈಗ ಅದೇ ಕೋಣೆ, ಅದೇ ಅಕ್ಕ, ಅದೇ ಮಾತು. ಮತ್ತೆ ಅದು ತನ್ನ ಬಾಯಿಂದಲೇ ಬರಬೇಕು. ಅಕ್ಷರ ಪರದೆಯ ಮೇಲೆ ಎಷ್ಟು ಹೊತ್ತು ನಿಂತೀತು? ಪುಟ್ಟಿ, "ಅವರು ವಾಪಸ್ ಬರಲ್ಲವಂತೆ" ಅಂದಳು. ಆಮೇಲೆ, "ಹಡಗು ಮುಳುಗಿತಂತೆ" ಅಂದಳು.

ಮೆಷೀನು ನಿಂತಿತು. ಗಡಿಯಾರದವಳು ಅಳಲಿಲ್ಲ. ಗೋಡೆಯ ಗಡಿಯಾರಗಳಿಗೆಲ್ಲ ಒಂದೊಂದಾಗಿ ಕೀಲಿ ಕೊಡುತ್ತಾ ಹೋದಳು, ಕರ್ರ್ ಕರ್ರ್ ಅಂತ. ಪಿಟೀಲು ಇಲ್ಲ, ಏನಿಲ್ಲ. ಕಂತು ಮುಗಿಯಿತು. ಅಕ್ಕ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, ಗಿರಾಕಿಯ ಕೋಟು ಅಂತ ನೆನಪಾಗಿ ನಾಲಿಗೆ ಕಚ್ಚಿಕೊಂಡಳು. "ಬರ್ಕೋ ಪುಟ್ಟಿ. ಸಾವಿನ ಸುದ್ದಿ ಬಂದಾಗ ಎದೆ ಬಡ್ಕೊಂಡು ಅಳೋರನ್ನ ಬೇಕಾದಷ್ಟು ತೋರಿಸಿದ್ದಾರೆ. ಕೈಗೆ ಕೆಲಸ ಕೊಟ್ಕೊಂಡು ನಿಂತವಳನ್ನ ಇವರೊಬ್ಬರೇ ತೋರಿಸಿದ್ದು."

ಪುಟ್ಟಿ ಬರೆದುಕೊಂಡಳು. ಆದರೆ ಹಾಕುವುದು ಹೇಗೆ? ಕಂತು ನೋಡಿದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಪಾಯಿಂಟ್ ಮೇಷ್ಟ್ರು ಅಂತೂ ಒಂದನೇ ಪಾಯಿಂಟಿನಲ್ಲೇ ಅಕ್ಕನನ್ನು ಹರಿದು ತೋರಣ ಕಟ್ಟುತ್ತಾನೆ. ಅದಕ್ಕೆ 'ಸಾವಿನ ಸುದ್ದಿ' ಇದ್ದಲ್ಲಿ 'ಬಿಟ್ಟುಹೋದ ಸುದ್ದಿ' ಅಂತ ಮಾಡಿ ಹಾಕಿದಳು. ಇಲ್ಲೇ ಎಡವಟ್ಟಾದದ್ದು. ಆ ವಾರದ ಬರಹಕ್ಕೆ ಎಂದೂ ಬಾರದಷ್ಟು ಜನ ಉತ್ತರ ಬರೆದರು. ಒಬ್ಬಾಕೆ, "ನನ್ನವನೂ ಹೀಗೇ ಎದ್ದು ಹೋದ. ನೀವು ಹೇಳಿದ್ದು ಸರಿ, ನಾನು ಅವತ್ತು ಮನೆಯ ಪಾತ್ರೆಯನ್ನೆಲ್ಲ ತೊಳೆದೆ" ಅಂತ ಬರೆದಿದ್ದಳು. ಪುಟ್ಟಿ ಅದನ್ನು ಅಕ್ಕನಿಗೆ, "ನನ್ನವರೂ ಹೀಗೇ ತೀರಿಹೋದರು" ಅಂತ ಓದಿದಳು. ಅಕ್ಕ ಲೊಚಗುಟ್ಟಿ, "ಪಾಪ, ಆಯಮ್ಮನಿಗೆ ಎರಡು ಸಮಾಧಾನದ ಮಾತು ಬರಿ" ಅಂದು ತಾನೇ ಹೇಳಿ ಬರೆಸಿದಳು. ಬದುಕಿರುವವನ ಹೆಂಡತಿಗೆ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಕಳಿಸುವುದಾದರೂ ಹೇಗೆ ಹೇಳಿ? ಕಳಿಸಿದೆ ಅಂತ ಪುಟ್ಟಿ ಇನ್ನೊಂದು ಸುಳ್ಳು ಹೇಳಿದಳು.

ಒಂದು ಸುಳ್ಳಿಗೆ ಮೇವು ಹಾಕುತ್ತಾ ಹೋಗುವುದು ಎಂಥ ದುಡಿಮೆ ಅಂತ ಅವಳಿಗೆ ಆಗ ಗೊತ್ತಾಯಿತು. ಐದನೇ ಕಂತಿನಲ್ಲಿ ಮುದುಕಿ "ಅವನಿಗೆ ನಾಚಿಕೆಯಾಗಬೇಕು" ಅಂದರೆ, ಪುಟ್ಟಿ "ಹಡಗಿನ ಮಾಲೀಕನಿಗೆ ನಾಚಿಕೆಯಾಗಬೇಕು" ಅನ್ನಬೇಕು. ಆರನೆಯದರಲ್ಲಿ ಗಡಿಯಾರದವಳು ಗಂಡನ ಅಂಗಿಗಳನ್ನು ಯಾರಿಗೋ ಕೊಟ್ಟುಬಿಟ್ಟಳು, ಪುಣ್ಯಕ್ಕೆ ಅದು ಎರಡಕ್ಕೂ ಹೊಂದಿತು. ಕಂತು ಬರುವ ಶನಿವಾರ ಅಂದರೆ ಹಿಗ್ಗುತ್ತಿದ್ದವಳು ಈಗ ಶನಿವಾರ ಬಾರದಿದ್ದರೆ ಸಾಕು ಅನ್ನತೊಡಗಿದಳು. ಅವತ್ತು ಬೆಳಿಗ್ಗೆ ಲ್ಯಾಬಿನ ಬಿಡುವಿನಲ್ಲಿ ಗುಟ್ಟಾಗಿ ಕಂತನ್ನು ಮೊದಲೇ ನೋಡಿ, ಎಲ್ಲೆಲ್ಲಿ ಏನೇನು ಬದಲಾಯಿಸಬೇಕು ಅಂತ ಹೊಂಚಿಕೊಂಡು ಬರುತ್ತಿದ್ದಳು.

ಎಲ್ಲಕ್ಕಿಂತ ಚುಚ್ಚಿದ್ದು ಅಕ್ಕನ ಒಂದು ಮಾತು. ಏಳನೇ ಕಂತು ಮುಗಿದ ಮೇಲೆ ದಾರ ಪೋಣಿಸುತ್ತಾ, "ಇವಳ ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ" ಅಂದಳು. "ಸತ್ತ ಅಂದರೆ ಮುಗೀತು. ನನ್ನಲ್ಲಿ ಏನು ಕಮ್ಮಿಯಾಯ್ತು ಅಂತ ಕೂತು ಲೆಕ್ಕ ಹಾಕೋ ಹಾಗಿಲ್ಲ. ಅವಳಿಗೆ ಫೋಟೋ ಆದರೂ ಇದೆ ನೋಡೋಕೆ." ಭಾವನ ವಿಷಯ ಅಕ್ಕ ಇಷ್ಟು ಬಿಚ್ಚಿ ಮಾತಾಡಿದ್ದೇ ಇಲ್ಲ. ಪುಟ್ಟಿಗೆ ಅಲ್ಲೇ ನಿಜ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅಕ್ಕ ಇನ್ನು ತನ್ನ ಮಾತನ್ನು ನಂಬುವುದಿಲ್ಲ ಅನ್ನುವ ಭಯ ಬಾಯಿ ಕಟ್ಟಿತು. ಅಕ್ಕನಿಗೆ ಹೊರಗಿನದನ್ನು ತಂದುಕೊಡುವುದು ಅವಳಿಗಿದ್ದ ಒಂದೇ ದೊಡ್ಡಸ್ತಿಕೆ. ಅದೂ ಹೋದರೆ ಈ ಮನೆಯಲ್ಲಿ ತಾನು ಬರೀ ಇನ್ನೊಂದು ಮೊಳೆಗೆ ತೂಗುವ ಅಂಗಿ ಅಂತ ಅನ್ನಿಸಿ ಸುಮ್ಮನಾದಳು.

ಒಂಬತ್ತನೇ ಕಂತನ್ನು ಮೊದಲೇ ನೋಡಲು ಆಗಲಿಲ್ಲ. ಆ ಶನಿವಾರ ಲ್ಯಾಬಿನಲ್ಲಿ ಒಂದು ಯಂತ್ರ ಕೆಟ್ಟು ಜನ ಸಾಲುಗಟ್ಟಿ ನಿಂತಿದ್ದರು. ಬಂದವಳೇ ಕೈಕಾಲು ತೊಳೆದು, ಟ್ಯಾಬು ಒರಗಿಸಿ, ದೇವರ ಮೇಲೆ ಭಾರ ಹಾಕಿ ಹಚ್ಚಿದಳು. ಅಕ್ಕ ಕಿಟಕಿ ಪರದೆಯೊಂದರ ಅಂಚು ಹೊಲಿಯುತ್ತಿದ್ದಳು, ಉದ್ದಕ್ಕೆ ಒಂದೇ ಓಟದ ಹೊಲಿಗೆ.

ಅಂಗಡಿಯ ಬಾಗಿಲ ಗಂಟೆ ಕಿಣಿ ಅಂದಿತು. ಬೂಟಿನ ಸದ್ದು. ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು ಏನೋ ಹೇಳಿದ. ಪುಟ್ಟಿ ಟ್ಯಾಬಿನ ಕಡೆ ನೋಡಿದಳು.

ಅಕ್ಕನ ಕಾಲು ಪೆಡಲಿನಿಂದ ಮೇಲೆದ್ದಿತು. "ಪುಟ್ಟಿ, ಇವನು ಸತ್ತಿದ್ದನಲ್ಲೇ?"

"ಅವನಲ್ಲ ಅಕ್ಕ, ಅವನ ತಮ್ಮ."

"ತಮ್ಮನಾ?"

"ಹ್ಞೂಂ. ಅವಳಿಜವಳಿ."

"ಮಾತಿಗೆ ಮುಂಚೆ ಗಂಟಲು ಕೆರೆಯೋದೂ ಅವಳಿಜವಳಿನಾ?" ಅಕ್ಕ ಈಗ ಪೂರ್ತಿ ತಿರುಗಿ ಕೂತಿದ್ದಳು. "ಮೊದಲನೇ ಕಂತಿನಲ್ಲೇ ಕೇಳಿದ್ದೀನಿ, ಅದೇ ಗಂಟಲು. ನನಗೆ ಕಿವಿ ಇದೆ ಪುಟ್ಟಿ. ಸರಿಯಾಗಿ ಓದು. ಏನಂದ ಅವನು?"

ಪುಟ್ಟಿ ಕಂತು ನಿಲ್ಲಿಸಿದಳು. ನಿಲ್ಲಿಸಿ, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದಳು. ಹಡಗು ಮುಳುಗಿರಲಿಲ್ಲ ಅಂದಳು. ಬೇರೆ ಸಂಸಾರ ಅಂತ ಇತ್ತು, ಓದಲು ಬಾಯಿ ಬರಲಿಲ್ಲ ಅಂದಳು. ಪುಟದಲ್ಲಿ ಹಾಕಿದ್ದನ್ನು ಬದಲಾಯಿಸಿದೆ, ಓದುಗರ ಮಾತನ್ನು ಬದಲಾಯಿಸಿದೆ, ಸಮಾಧಾನದ ಮಾತನ್ನು ಕಳಿಸಲೇ ಇಲ್ಲ ಅಂದಳು. ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಟ್ಯಾಬನ್ನು ಮೇಜಿನ ಮೇಲೆ ಕವುಚಿಟ್ಟು, ಕಿಟಕಿ ಪರದೆಯ ಅಂಚನ್ನು ಮುಗಿಸಲು ಕೂತಳು.

ಆ ವಾರ ಮನೆಯಲ್ಲಿ ಮತ್ತೆ ಮೆಷೀನು ಮಾತ್ರ ಮಾತಾಡಿತು. ಊಟಕ್ಕೆ ಕರೆಯುವುದು, ಬಾಗಿಲು ಹಾಕು ಅನ್ನುವುದು, ಅಷ್ಟೇ. ಒಂದು ಸಂಜೆ ಪುಟ್ಟಿ ಲ್ಯಾಬಿನಿಂದ ಬಂದಾಗ ಅಕ್ಕ ಕನ್ನಡಕ ಹಾಕಿಕೊಂಡು ತನ್ನ ಫೋನಿನಲ್ಲಿ ಸೂಜಿಮೊನೆಯ ಪುಟವನ್ನು ತಾನೇ ಓದುತ್ತಿದ್ದಳು. ತುಟಿ ಅಲ್ಲಾಡಿಸುತ್ತಾ, ಬೆರಳಿಂದ ಸಾಲು ಮೇಲಕ್ಕೆ ತಳ್ಳುತ್ತಾ. ಅದನ್ನು ಕಂಡು ಪುಟ್ಟಿಗೆ ಅಳು ಒತ್ತರಿಸಿ ಬಂತು. ಯಾರೋ ತನ್ನ ಕುರ್ಚಿಯನ್ನು ಎತ್ತಿ ಬೀದಿಗಿಟ್ಟ ಹಾಗಾಯಿತು.

"ಇದು ನನ್ನ ಮಾತಲ್ಲ" ಅಂದಳು ಅಕ್ಕ, ಫೋನಿನಿಂದ ಕಣ್ಣು ತೆಗೆಯದೆ. "ಇದೂ ಅಲ್ಲ." ಇನ್ನೊಂದಿಷ್ಟು ಮೇಲಕ್ಕೆ ತಳ್ಳಿ ಕೇಳಿದಳು, "ಆ ಪಾಯಿಂಟ್ ಮೇಷ್ಟ್ರು ಹೋದ ವರ್ಷ ನನ್ನ ಹೊಗಳಿದ್ದ ಅಂತ ಓದಿದ್ದೆಯಲ್ಲ, ನಿಜವಾಗಿ ಹೊಗಳಿದ್ದನಾ, ಇಲ್ಲ ಅದೂ ನೀನೇ ಹೊಲಿದದ್ದಾ?"

"ನಿಜ ಅಕ್ಕ, ಅದು ನಿಜ. ಬೇಕಾದರೆ ಹುಡುಕಿ ತೋರಿಸ್ತೀನಿ."

"ಹುಡುಕ್ತಾ ಹೋದರೆ ಎಷ್ಟು ಅಂತ ಹುಡುಕಲಿ? ಇಷ್ಟು ವರ್ಷ ನೀನು ಓದಿದ ಕಥೆಗಳೆಲ್ಲ ಯಾವುದು ಅವರದ್ದು, ಯಾವುದು ನಿನ್ನದು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಇದೊಂದೇ ಅಕ್ಕ. ಬೇರೆ ಯಾವುದನ್ನೂ ಮುಟ್ಟಿಲ್ಲ. ನನ್ನ ಮೇಲೆ ಆಣೆ."

"ಆಣೆಗೀಣೆ ಬೇಡ" ಅಂದು ಅಕ್ಕ ಕನ್ನಡಕ ತೆಗೆದಿಟ್ಟಳು. ಪುಟ್ಟಿ ಒಳಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ತಾನು ಅಕ್ಕನಿಗೆ ಒಂದು ನೋವು ತಪ್ಪಿಸಲು ಹೋಗಿ ಎರಡನೇ ಸಲ ಅವಳನ್ನು ಒಬ್ಬಂಟಿ ಮಾಡಿದೆ ಅಂತ ಅನ್ನಿಸಿ, ಟವೆಲಿನಲ್ಲಿ ಮುಖ ಹುದುಗಿಸಿಕೊಂಡು ಸರಿಯಾಗಿಯೇ ಅತ್ತಳು.

ಶನಿವಾರ ಬಂತು. ಪುಟ್ಟಿ ಊಟ ಮುಗಿಸಿ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮುಂದಿನ ಕೋಣೆಯಿಂದ ಕೂಗು ಬಂತು. "ಪುಟ್ಟಿ, ಬಾ ಇಲ್ಲಿ. ಆ ನಾಲ್ಕನೇದು ಹಾಕು."

ಹೋಗಿ ನೋಡಿದರೆ ಮೆಷೀನಿಗೆ ಮುಸುಕು ಹಾಕಿದೆ. ಅಕ್ಕ ಕೈ ಕಟ್ಟಿಕೊಂಡು ಟ್ಯಾಬಿನ ಎದುರು ಕೂತಿದ್ದಾಳೆ. ಅಕ್ಕ ಬರಿಗೈಯಲ್ಲಿ ಕೂತು ಒಂದು ಕಂತನ್ನೂ ನೋಡಿದ್ದೇ ಇಲ್ಲ. ಪುಟ್ಟಿ ಪಕ್ಕದಲ್ಲಿ ಕೂತು ಹಚ್ಚಿದಳು. ಓದುತ್ತಾ ಹೋದಳು, ಮುದುಕಿಗೆ ಮುದುಕಿಯ ದನಿಯೂ ಬರಲಿಲ್ಲ, ಬರೀ ತನ್ನ ದನಿ. ಫೋನು ರಿಂಗಾಯಿತು. ಹೌದು, ಯಾವಾಗಿನಿಂದ, ಸರಿ. ಅಲ್ಲಿಗೆ ಬಂದು ಪುಟ್ಟಿ ಕಂತು ನಿಲ್ಲಿಸಲು ಬೆರಳು ಚಾಚಿದಳು.

"ನಿಲ್ಲಿಸಬೇಡ" ಅಂದಳು ಅಕ್ಕ.

"ಅವರು ವಾಪಸ್ ಬರಲ್ಲವಂತೆ. ಅಲ್ಲಿ ಬೇರೆ ಸಂಸಾರ ಇದೆಯಂತೆ."

ಗಡಿಯಾರದವಳು ಗೋಡೆಯ ಉದ್ದಕ್ಕೂ ಕೀಲಿ ಕೊಡುತ್ತಾ ಹೋದಳು. ಅಕ್ಕ ಪೂರ್ತಿ ನೋಡಿದಳು. "ಸರಿಯಾಗಿದೆ" ಅಂದಳು ಕೊನೆಗೆ. "ಹೀಗೇ ಇರುತ್ತೆ. ಹಡಗು ಮುಳುಗ್ತು ಅಂದಾಗಲೂ ಚೆನ್ನಾಗಿತ್ತು, ಆದರೆ ಆಗ ಅವಳು ಕೀಲಿ ಕೊಡೋದು ದುಃಖಕ್ಕೆ ಅಂದ್ಕೊಂಡಿದ್ದೆ. ಇದು ಸಿಟ್ಟು. ನೋಡು, ಕೈ ಹೇಗೆ ತಿರುಗಿಸ್ತಾಳೆ."

ಪುಟ್ಟಿ ಇನ್ನು ತಡೆಯಲಾರದೆ, "ಅವತ್ತು ನಾನು ನಿನಗೆ ಹೇಳಿದ ರೀತಿ ಇದೆಯಲ್ಲ ಅಕ್ಕ, ಭಾವನ ಫೋನು ಬಂದ ದಿನ" ಅಂದಳು. "ಕಲ್ಲಿನ ಹಾಗೆ ನಿಂತು ಒಪ್ಪಿಸಿದೆ. ಅದು ನನ್ನನ್ನ ಇವತ್ತಿಗೂ ಕೊರೀತಾ ಇದೆ. ಮತ್ತೆ ಅದನ್ನೇ ನಿನಗೆ ಓದೋಕೆ ನನ್ನಿಂದ ಆಗಲಿಲ್ಲ."

ಅಕ್ಕ ತಂಗಿಯನ್ನೇ ನೋಡಿದಳು, ಇವಳೇನು ಹುಚ್ಚಿಯಾ ಅನ್ನುವ ಹಾಗೆ. "ಅಲ್ಲ ಕಣೇ ಪುಟ್ಟಿ, ಅವತ್ತು ಬೀದಿಗೆ ಬೀದಿಯೇ ಬಂದು ನನಗೆ ಮೆತ್ತಗೆ ಹೇಳ್ತು. ಇಂದಲ್ಲ ನಾಳೆ ಬರ್ತಾನೆ, ಗಂಡಸರು ಹೀಗೇ, ಸಮಾಧಾನ ಮಾಡ್ಕೋ, ಕಾದು ನೋಡು ಅಂತ. ನನ್ನ ಅತ್ತೆಯೂ ಅದನ್ನೇ ಹೇಳಿದರು. ಒಂದಕ್ಷರ ಬಿಡದೆ ಹೇಳಿದವಳು ನೀನೊಬ್ಬಳೇ. ಅದಕ್ಕೇ ನಾನು ಕಾಯಲಿಲ್ಲ. ನೀನೂ ಮೆತ್ತಗೆ ಹೇಳಿದ್ದಿದ್ದರೆ, ಇವತ್ತಿಗೂ ಬಾಗಿಲ ಸದ್ದಿಗೆಲ್ಲ ತಲೆ ಎತ್ತಿ ನೋಡ್ತಾ ಕೂತಿರ್ತಿದ್ದೆ. ಅವತ್ತಿನಿಂದಲೇ ನಿನ್ನ ಬಾಯಿಂದ ಬಂದದ್ದನ್ನೆಲ್ಲ ನಾನು ಕಣ್ಣುಮುಚ್ಚಿ ನಂಬಿದ್ದು. ಅದನ್ನ ಕಿತ್ಕೋಬೇಡ" ಅಂದಳು.

ಇಷ್ಟು ವರ್ಷ ಪುಟ್ಟಿ ಯಾವುದನ್ನು ತನ್ನ ಪಾಪ ಅಂತ ಹೊತ್ತುಕೊಂಡು ತಿರುಗಿದಳೋ, ಅಕ್ಕ ಅದನ್ನೇ ಹಿಡಿದುಕೊಂಡು ಎದ್ದು ನಿಂತಿದ್ದಳು. ಅಳು, ನಗು ಎರಡೂ ಒಟ್ಟಿಗೆ ಬಂದು ಮೂಗು ಸೋರತೊಡಗಿತು. "ಥೂ, ಒರೆಸ್ಕೋ" ಅಂತ ಅಕ್ಕ ಮೂಟೆಯಿಂದ ಒಂದು ಚಿಂದಿ ಎಳೆದು ಕೊಟ್ಟಳು. "ಒಂಬತ್ತನೇದು ಹಾಕು. ಆ ಗಂಟಲು ಕೆರೆಯೋನು ಏನಂತಾನೆ ನೋಡೋಣ."

ಒಂಬತ್ತನೆಯದರಲ್ಲಿ ಗಂಡ ಅಂಗಡಿಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಮಾತಾಡಿದ. ನಾನು ತಪ್ಪು ಮಾಡಿದೆ ಅಂದ. ನಿನ್ನ ಗಡಿಯಾರಗಳ ಸದ್ದಿಲ್ಲದೆ ನಿದ್ದೆ ಬರಲಿಲ್ಲ ಅಂದ. ಹೊರಗೆ ಹೂವಿನ ಎಸಳು ಉದುರಿದವು, ಪಿಟೀಲು ಎದ್ದಿತು. ಗಡಿಯಾರದವಳು ಕಣ್ಣು ತುಂಬಿಕೊಂಡು, ಒಳಗೆ ಬನ್ನಿ ಅಂದಳು. ಪುಟ್ಟಿ ಒಂದು ಮಾತನ್ನೂ ಬಿಡದೆ ಓದಿದಳು, ಓದುತ್ತಾ ಅಕ್ಕನ ಮುಖವನ್ನು ಓರೆಗಣ್ಣಲ್ಲಿ ನೋಡಿದಳು.

ಅಕ್ಕ ಮೂಗು ಮುರಿದಳು. "ಎದ್ದು ಹೋಗೋನು ಇಷ್ಟೆಲ್ಲ ಮಾತಾಡೋನಾಗಿದ್ದರೆ ಹೋಗೋ ಮುಂಚೆನೇ ಆಡ್ತಿದ್ದ. ಅಷ್ಟು ಚೆನ್ನಾಗಿ ಶುರು ಮಾಡಿ ಇಲ್ಲಿಗೆ ತಂದು ನಿಲ್ಲಿಸಿದರಲ್ಲಪ್ಪ. ನೋಡೋರಿಗೆ ನೋವಾಗಬಾರದು ಅಂತ ಅಲ್ಲೂ ಯಾರೋ ಒಬ್ಬಳು ಪುಟ್ಟಿ ಕೂತಿದ್ದಾಳೆ ಕಣೇ." ಅಂದು ತನ್ನ ಮಾತಿಗೆ ತಾನೇ ನಕ್ಕಳು. ವಾರದಿಂದ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ.

ಆಮೇಲೆ ಮೆಷೀನಿನ ಮುಸುಕು ತೆಗೆದು, ಯಾರದೋ ಪ್ಯಾಂಟಿನ ಅಂಚು ಮಡಚಿಟ್ಟುಕೊಂಡು, "ಬರ್ಕೋ" ಅಂದಳು. ಪುಟ್ಟಿ ಟೈಪ್ ಮಾಡಿದಳು. ಹೇಳಿದ್ದನ್ನು ಹೇಳಿದ ಹಾಗೆ. ಮುಗಿದ ಮೇಲೆ ಲ್ಯಾಬಿನಲ್ಲಿ ಮಾಡುವಂತೆ ಬೆರಳಿಟ್ಟು ಮತ್ತೆ ನೋಡಿಕೊಂಡಳು. ಆಮೇಲೆ ಎದ್ದು, ಟ್ಯಾಬನ್ನು ಅಕ್ಕನ ಮುಂದೆ ಹಿಡಿದು, ಮೇಜಿನ ಮೇಲಿದ್ದ ಕನ್ನಡಕವನ್ನೂ ಚಾಚಿದಳು. "ನೀನೇ ಒಂದು ಸಲ ನೋಡಿಬಿಡು ಅಕ್ಕ. ಆಮೇಲೆ ಹಾಕ್ತೀನಿ."

ಅಕ್ಕ ಟ್ಯಾಬಿನ ಕಡೆ ತಲೆ ಎತ್ತಲಿಲ್ಲ. ಸೂಜಿಯ ಕೆಳಗೆ ಬಟ್ಟೆ ಸರಿಮಾಡುತ್ತಾ, "ನೋಡೋಕೆ ನನ್ನ ಕಣ್ಣಿಗೆ ಇಲ್ಲಿ ಕೆಲಸ ಇದೆ. ನೀನೇ ಓದು" ಅಂದಳು.

ಪುಟ್ಟಿ ನಿಂತಲ್ಲೇ ಓದಿದಳು. "ನಾಲ್ಕನೇ ಕಂತಿನಿಂದ ಈಚೆಗೆ ಈ ಪುಟದಲ್ಲಿ ನನ್ನ ಮಾತು ಬದಲಾಗಿ ಬಂದಿದೆ. ಬದಲಾಯಿಸಿದವಳು ನನ್ನ ತಂಗಿ. ಯಾಕೆ ಅಂತ ನನಗೆ ಗೊತ್ತು, ನಿಮಗೆ ಬೇಕಿಲ್ಲ. ಈಗ ಒಂಬತ್ತನೇ ಕಂತಿನ ವಿಷಯಕ್ಕೆ ಬರೋಣ."

"ಹ್ಞೂಂ" ಅಂದಳು ಅಕ್ಕ, ಪೆಡಲಿನ ಮೇಲೆ ಕಾಲಿಟ್ಟು. "ಮುಂದೆ?"